ಗುಂಪಿನ ಫೋಟೋದಾಗಿನ ಕಿಂಡಿ

ನಮ್ಮ ಕಡೆ ಯಾರ ಮನೆಗೇ ಹೋಗಿ, ಚರಿಗೆ ನೀರು ಕುಡಿದು, ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ತಲೆ ಎತ್ತಿದರೆ ಎದುರಿಗೆ ಆ ಮನೆಯ ಹಿರಿಯರೆಲ್ಲ ಕಾಣುತ್ತಾರೆ. ಜಂತಿಯ ಕೆಳಗೆ ಸಾಲಾಗಿ, ಮೊಳೆಗೆ ಕಟ್ಟಿದ ದಾರದಲ್ಲಿ ತುಸು ಮುಂದಕ್ಕೆ ಬಾಗಿಕೊಂಡು, ಗಾಜಿನ ಮೇಲೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಇರುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿನ ಯಾವ ಹಳ್ಳಿಯಾದರೂ ಈ ಸಾಲು ತಪ್ಪುವುದಿಲ್ಲ. ಒಂದು ಕೊನೆಗೆ ಬಸವಣ್ಣನವರ ಪಟ, ಇತ್ತೀಚೆಗೆ ಅದರ ಪಕ್ಕದಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳ ಪಟ, ಆಮೇಲೆ ಮುತ್ತ್ಯಾ, ಆಯಿ, ದೊಡ್ಡಪ್ಪ, ಹರೆಯದಲ್ಲೇ ಹೋದ ಒಬ್ಬ ಮಗ.

ಈ ಪಟಗಳನ್ನು ಸುಮ್ಮನೆ ನೋಡಬಾರದು, ಎದ್ದು ಹೋಗಿ ಹತ್ತಿರದಿಂದ ನೋಡಬೇಕು. ಮುತ್ತ್ಯಾನ ರುಮಾಲು ಒಂದು ಕಡೆಯ ಬೆಳಕಿನಲ್ಲಿ ಇದ್ದರೆ ಮೈಮೇಲಿನ ಕರಿಯ ಕೋಟು ಇನ್ನೊಂದು ಕಡೆಯ ಬೆಳಕಿನಲ್ಲಿ ಇರುತ್ತದೆ. ಜನ್ಮದಲ್ಲಿ ಕೋಟು ತೊಡದ, ಧೋತರ ನೆಹರೂ ಶರ್ಟಿನಲ್ಲೇ ಎರಿ ಹೊಲದಲ್ಲಿ ಬಿಳಿಜೋಳ ಬೆಳೆದ ಮನುಷ್ಯ ಅವನು. ಕೊರಳು ಎಲ್ಲಿ ಮುಗಿಯಿತು, ಕಾಲರು ಎಲ್ಲಿ ಸುರುವಾಯಿತು ಎಂಬಲ್ಲಿ ಬ್ರಷ್ಷಿನ ಒಂದು ಗೆರೆ ಸಿಗುತ್ತದೆ. ಅವನಿಗೆ ಅಂತ ಒಂಟಿ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ. ಅವನು ತೀರಿಕೊಂಡ ಮೇಲೆ ಮಕ್ಕಳು ಆ ಫೋಟೋ ತಗೊಂಡು ತಾಲೂಕಿನ ಸ್ಟುಡಿಯೋಕ್ಕೆ ಹೋದರು. ಸ್ಟುಡಿಯೋದವರು ಆ ಮುಖವನ್ನಷ್ಟೇ ಮತ್ತೆ ಕ್ಯಾಮೆರಾದಲ್ಲಿ ಹಿಡಿದು, ಎನ್ಲಾರ್ಜ್ ಮಾಡಿ, ಹಿಂದಿನ ಜನರನ್ನೆಲ್ಲ ಬಿಳಿ ಬಣ್ಣದಲ್ಲಿ ಅಳಿಸಿ, ಕೋಟು ಕೂಡಿಸಿ ಕೊಟ್ಟರು. ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಬೆನ್ನ ಹಿಂದೆ ಬೇಕಾದರೆ ನೀಲಿ ಆಕಾಶ, ಬೇಕಾದರೆ ಕೈಲಾಸ.

ಅಜ್ಜಿಯರ ಕಥೆ ಬೇರೆ. ನಮ್ಮ ಕಡೆಯ ಎಷ್ಟೋ ಮುದುಕಿಯರು ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಕೂತದ್ದು ಮುಖ್ಯ ಚುನಾವಣಾ ಆಯುಕ್ತ ಶೇಷನ್ ಅವರ ಕಾಲದಲ್ಲಿ, 1993ರಲ್ಲಿ ಮತದಾರರ ಗುರುತಿನ ಚೀಟಿ ಬಂದ ಮೇಲೆ. ಶಾಲೆಯ ಕೋಣೆಯಲ್ಲಿ ಒಂದು ಕುರ್ಚಿ, ಹಿಂದೆ ಒಂದು ಬಟ್ಟೆ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಮುಖದಲ್ಲಿ ಗಾಬರಿ. ಅಂಚೆ ಚೀಟಿಯಷ್ಟು ಚಿತ್ರ. ಮುಂದೆ ಆ ಗಾಬರಿಯ ಮುಖವೇ ದೊಡ್ಡದಾಗಿ ಗೋಡೆಗೇರಿತು. ಮನೆತುಂಬ ನಗುತ್ತ ಓಡಾಡಿದ ಆಯಿಯನ್ನು ಮೊಮ್ಮಕ್ಕಳು ಇಂದು ಗಾಬರಿಯವಳು ಅಂತಲೇ ಬಲ್ಲರು. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೂ ಹಿಂದೆ, ಅದೂ ಇಲ್ಲದ ಕಾಲದಲ್ಲಿ, ಸತ್ತ ದಿನವೇ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಧರಿಸಿ, ಹೂ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಸುತ್ತಲೂ ಮನೆಯವರು ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಆ ಮುಖವನ್ನು ಬೇರೆ ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದು ಕೊಡುತ್ತಿದ್ದರು. ಆ ಕಣ್ಣು ಬರೆದವರ ಹೆಸರು ಯಾವ ಕಲಾ ಇತಿಹಾಸದಲ್ಲೂ ಇಲ್ಲ. ಒಂದು ಮನೆಯವರ ದುಃಖವನ್ನು ನೋಡಿ, ಆ ಮನುಷ್ಯ ಇದ್ದಾಗ ಹೇಗೆ ನೋಡುತ್ತಿದ್ದನೆಂದು ಕೇಳಿ ತಿಳಿದು, ಪೆನ್ಸಿಲ್ಲಿನ ತುದಿಯಲ್ಲಿ ಎರಡು ಕಣ್ಣು ಮೂಡಿಸುವ ಆ ಕೆಲಸವನ್ನು ನಾನು ಕಲೆಯೆಂದೇ ಕರೆಯುತ್ತೇನೆ.

ಮುಖ ಹೊರಗೆ ಬಂದ ಮೇಲೆ ಆ ಗುಂಪಿನ ಫೋಟೋಗಳ ಗತಿ ಏನಾಯಿತು? ಒಂದನ್ನು ಹೇಳುತ್ತೇನೆ. ಬಾಗೇವಾಡಿ ತಾಲೂಕಿನಲ್ಲಿರುವ ನಮ್ಮ ಚಿಗವ್ವನ ಟ್ರಂಕಿನಲ್ಲಿ ಒಂದು ಮದುವೆ ಫೋಟೋ ಇದೆ, ದಪ್ಪ ರಟ್ಟಿಗೆ ಅಂಟಿಸಿದ್ದು. ಗೆದ್ದಲು ಒಂದು ಮೂಲೆ ತಿಂದಿದೆ. ನಡುವಿನಲ್ಲಿ ಬಾಸಿಂಗ ಕಟ್ಟಿದ ಮದುಮಕ್ಕಳು, ಮುಂದೆ ನೆಲದ ಮೇಲೆ ಕೂತ ಚುಕ್ಕೋಳು, ಹಿಂದೆ ಗಂಡಸರು. ಎಡಗಡೆ ಎರಡನೆಯವರು ಇರಬೇಕಾದ ಕಡೆ ಒಂದು ಕಿಂಡಿ. ಯಾರೋ ಬ್ಲೇಡಿನಿಂದ ತಲೆಯಿಂದ ಎದೆಯವರೆಗೆ ರಟ್ಟಿನ ಸಮೇತ ಕೊಯ್ದು ತೆಗೆದಿದ್ದಾರೆ. ಅಂಚು ಒಂದು ಕಡೆ ಸರಾಗ, ಇನ್ನೊಂದು ಕಡೆ ಬ್ಲೇಡು ಜಾರಿ ಪಕ್ಕದವರ ಕಿವಿಗೆ ಗೀರಿದೆ. ಕೊಯ್ದವರು ಅವಸರದಲ್ಲಿದ್ದರು, ಅಳುತ್ತಲೂ ಇದ್ದಿರಬೇಕು. ಕೊಯ್ದು ಒಯ್ದ ಮುಖ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ. ಆದರೆ ಫೋಟೋದಲ್ಲಿ ಆ ಮನುಷ್ಯನ ಬಲಗೈ ಉಳಿದುಬಿಟ್ಟಿದೆ. ಮುಂದೆ ನಿಂತ ಒಬ್ಬ ಹುಡುಗನ ಹೆಗಲ ಮೇಲೆ ಆ ಕೈ. ಹೆಬ್ಬೆರಳು ಹುಡುಗನ ಅಂಗಿಯ ಕಾಲರಿನ ಮೇಲೆ, ಉಳಿದ ಬೆರಳು ಎದೆಯ ಕಡೆಗೆ. ದುಡಿದ ಕೈ, ಗೆಣ್ಣು ದಪ್ಪ. ಆ ಹುಡುಗ ನಮ್ಮ ಕಾಕಾ.

ನನಗೆ ಗೋಡೆಯ ಮೇಲಿನ ಮುಖಕ್ಕಿಂತ ಈ ಕೈ ಹೆಚ್ಚು ಮಾತಾಡುತ್ತದೆ. ಆ ಮುಖ ಯಾರದೂ ಆಗಬಹುದು. ಟಚಿಂಗ್ ಮಾಡಿ ಮಾಡಿ ಅದರ ಸುಕ್ಕು, ಮಚ್ಚೆ ಎಲ್ಲ ಹೋಗಿವೆ. ಈ ಕೈಯನ್ನು ಮಾತ್ರ ಯಾರೂ ತಿದ್ದಿಲ್ಲ. ಕಿಂಡಿಯ ಪಕ್ಕದಲ್ಲೇ ಇರುವುದರಿಂದ, ಇಲ್ಲಿ ಒಬ್ಬರಿದ್ದರು, ಈಗಿಲ್ಲ ಎಂಬ ಮಾತನ್ನು ಅದು ನೇರವಾಗಿ ಹೇಳುತ್ತದೆ.

ಹೀಗೆ ಚೂರುಗಳಿಂದ ಮನುಷ್ಯರನ್ನು ನೆನೆಯುವ ಕೆಲಸ ಮಾಡಿದ ಕಲಾವಿದರು ದೂರದ ದೇಶಗಳಲ್ಲೂ ಇದ್ದಾರೆ. ಪ್ಯಾರಿಸ್ಸಿನ ಕ್ರಿಸ್ತಿಯಾನ್ ಬೋಲ್ಟಾನ್ಸ್ಕಿ ಹುಟ್ಟಿದ್ದು 1944ರಲ್ಲಿ. ಜರ್ಮನರ ಆಳ್ವಿಕೆಯ ದಿನಗಳಲ್ಲಿ ಅವರ ತಂದೆ ಮನೆಯ ನೆಲದ ಹಲಗೆಗಳ ಕೆಳಗೆ ಅಡಗಿದ್ದು ಜೀವ ಉಳಿಸಿಕೊಂಡವರು. ವಿಯೆನ್ನಾದ ಯಹೂದಿ ಶಾಲೆಯೊಂದರ 1931ರ ತರಗತಿಯ ಗುಂಪು ಫೋಟೋ ಬೋಲ್ಟಾನ್ಸ್ಕಿಯವರ ಕೈಗೆ ಸಿಕ್ಕಿತು. ಅದರಿಂದ ಒಂದೊಂದೇ ಮುಖವನ್ನು ಬೇರೆ ಮಾಡಿ ಮತ್ತೆ ಫೋಟೋ ತೆಗೆದು, ಹಿಗ್ಗಿಸಿ ಹಿಗ್ಗಿಸಿ, ಕಣ್ಣಿನ ಜಾಗದಲ್ಲಿ ಬರೀ ಕಪ್ಪು ಕುಳಿ ಉಳಿಯುವ ತನಕ ದೊಡ್ಡದು ಮಾಡಿದರು. ಪ್ರತಿ ಮುಖದ ಮೇಲೆ ಒಂದು ದೀಪ, ಕೆಳಗೆ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಗಳು. ಆ ಹುಡುಗ ಹುಡುಗಿಯರು ಮುಂದೆ ಏನಾದರೆಂದು ಆ ಕೃತಿ ಹೇಳುವುದಿಲ್ಲ. ನೋಡುವವರ ಎದೆಗೆ ಹೇಳದೆಯೇ ತಿಳಿಯುತ್ತದೆ. 2021ರಲ್ಲಿ ಬೋಲ್ಟಾನ್ಸ್ಕಿ ತೀರಿಕೊಂಡರು. ಸಿಂದಗಿಯ ಸ್ಟುಡಿಯೋದಲ್ಲಿ ನಡೆಯುವ ಕೆಲಸವೂ ಇದೇ, ಗುಂಪಿನಿಂದ ಮುಖ ತೆಗೆದು ದೊಡ್ಡದು ಮಾಡುವುದು. ಆದರೆ ನಮ್ಮವರು ಕಣ್ಣು ತುಂಬುತ್ತಾರೆ, ಅವರು ಕಣ್ಣು ಖಾಲಿ ಮಾಡಿದರು. ನಮ್ಮವರಿಗೆ ಸತ್ತವರು ಮನೆಯಲ್ಲೇ ಇರಬೇಕು. ಅವರಿಗೆ ಸತ್ತವರು ಸತ್ತಿದ್ದಾರೆಂದು ಜಗತ್ತು ಒಪ್ಪಬೇಕು.

ಇಂಗ್ಲೆಂಡಿನ ಡೇವಿಡ್ ಹಾಕ್ನಿ 1982ರಲ್ಲಿ ಪೊಲರಾಯ್ಡ್ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಒಬ್ಬ ಮನುಷ್ಯನನ್ನು ಕಟ್ಟತೊಡಗಿದರು. ಪೊಲರಾಯ್ಡಿನ ಸುತ್ತಲಿನ ಬಿಳಿ ಅಂಚನ್ನು ಅವರು ಕತ್ತರಿಸಲಿಲ್ಲ, ಹಾಗೇ ಬಿಟ್ಟರು. ಹೀಗಾಗಿ ಮುಖದ ಮೇಲೆಲ್ಲ ಬಿಳಿ ಗೆರೆಗಳ ಚೌಕ. ಮೂಗು ಒಂದು ಕ್ಷಣದ್ದು, ಬಾಯಿ ಇನ್ನೊಂದು ಕ್ಷಣದ್ದು. ನಾವು ನಮ್ಮವರನ್ನು ನೆನೆಯುವುದೂ ಹಾಗೆಯೇ ಅಲ್ಲವೇ. ಅಪ್ಪ ಇಡಿಯಾಗಿ ಎಂದೂ ನೆನಪಿಗೆ ಬರುವುದಿಲ್ಲ, ಎಲೆಯಡಿಕೆ ಮಡಚುವ ಬೆರಳು ಒಮ್ಮೆ, ಬಸ್ಸಿನ ಮೆಟ್ಟಿಲು ಹತ್ತುವಾಗಿನ ಹಿಮ್ಮಡಿ ಇನ್ನೊಮ್ಮೆ.

ಮಾತು ಪ್ಯಾರಿಸ್ಸಿಗೆ ಹೋಯಿತು, ಬೆಂಗಳೂರಿನ ಮೇಲೆ ಹಾದು ವಿಜಯಪುರಕ್ಕೆ ತಿರುಗೋಣ. ಬೆಂಗಳೂರಿನಲ್ಲಿ 1956ರಲ್ಲಿ ಹುಟ್ಟಿದ ಪುಷ್ಪಮಾಲಾ ಎನ್. ಅವರು ಮೊದಲು ಶಿಲ್ಪ ಮಾಡುತ್ತಿದ್ದವರು, ಆಮೇಲೆ ಕ್ಯಾಮೆರಾದ ಮುಂದೆ ತಾವೇ ವೇಷ ತೊಟ್ಟು ನಿಂತರು. 2000ರಿಂದ 2004ರ ತನಕ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಹಳೆಯ ಚಿತ್ರಗಳನ್ನು ಮತ್ತೆ ಕಟ್ಟಿದ ಸರಣಿ ಅವರದು. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ. ಬ್ರಿಟಿಷರು ಬುಡಕಟ್ಟಿನವರನ್ನು ಚೌಕುಳಿ ಬಟ್ಟೆಯ ಮುಂದೆ ನಿಲ್ಲಿಸಿ ಅಳತೆ ತೆಗೆದ ಫೋಟೋಗಳ ಮಾದರಿಯದೂ ಇದೆ. ನಮ್ಮ ಬಿಜಾಪುರದ ಯೋಗಿನಿಯೂ ಇದ್ದಾಳೆ. ಇಬ್ರಾಹಿಂ ಆದಿಲಶಾಹಿಯ ಕಾಲದ, ಕೈಯಲ್ಲಿ ಮೈನಾ ಹಕ್ಕಿ ಹಿಡಿದ ಯೋಗಿನಿಯ ಸಣ್ಣ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇಲ್ಲಿ ಹುಟ್ಟಿದ ಚಿತ್ರ ಇಲ್ಲಿಲ್ಲ, ಅದನ್ನು ಬರೆದ ಚಿತ್ರಕಾರನ ಹೆಸರೂ ಇಲ್ಲ, ಡಬ್ಲಿನ್ ಚಿತ್ರಕಾರ ಎಂದೇ ವಿದ್ವಾಂಸರು ಅವನನ್ನು ಕರೆಯುತ್ತಾರೆ. ಕಳೆದುಹೋದ ಒಂದು ಚಿತ್ರವನ್ನು ನಮ್ಮ ರಾಜ್ಯದ ಒಬ್ಬ ಹೆಣ್ಣುಮಗಳು ತನ್ನ ಮೈಮೇಲೆ ತಂದುಕೊಂಡು ನಿಂತದ್ದನ್ನು ನಾನು ಬಹಳ ಅಭಿಮಾನದಿಂದ ನೆನೆಯುತ್ತೇನೆ.

ಕ್ಯಾಮೆರಾ ವಿಜಯಪುರಕ್ಕೆ ಬೇಗ ಬಂತು. 1855ರಲ್ಲೇ ಮುಂಬಯಿ ಸೈನ್ಯದ ಕ್ಯಾಪ್ಟನ್ ಬಿಗ್ಸ್ ಇಲ್ಲಿನ ಗುಮ್ಮಟಗಳನ್ನು ಕಾಗದದ ನೆಗೆಟಿವ್‌ನಲ್ಲಿ ಹಿಡಿದರು. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ಮೇಲೆ ದೊಡ್ಡ ಪುಸ್ತಕ ಬಂತು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಅದಕ್ಕೆ ಬರೆದರು. ಆ ಕಾಲದ ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಕಲ್ಲು ಅಲುಗಲಿಲ್ಲ, ಮೂಡಿತು. ನಡೆದಾಡುವ ಜನ ಮೂಡಲಿಲ್ಲ. ಆ ಬೀದಿಗಳಲ್ಲಿ ಅಂದು ತಿರುಗಾಡಿದವರ ಮುಖ ನಮಗಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಖಗಳಿಗೆ ಕ್ಯಾಮೆರಾ ಸಿಕ್ಕಿದ್ದು ಎಷ್ಟೋ ತಲೆಮಾರು ದಾಟಿದ ಮೇಲೆ, ಅದೂ ಮದುವೆ ಇಲ್ಲವೆ ಸಾವಿನ ನೆಪದಲ್ಲಿ.

ಆದರೆ ಚೂರುಗಳಲ್ಲಿ ನೆನೆಯುವುದನ್ನು ನಮಗೆ ಕ್ಯಾಮೆರಾ ಕಲಿಸಬೇಕಿರಲಿಲ್ಲ. ಹಲಸಂಗಿ ಈಗ ಚಡಚಣ ತಾಲೂಕಿಗೆ ಸೇರಿದೆ, ಮೊದಲು ಇಂಡಿ ತಾಲೂಕಿನಲ್ಲಿತ್ತು. ಅಲ್ಲಿ ಮಧುರಚೆನ್ನರ ಸುತ್ತ ಸೇರಿದ ಗೆಳೆಯರು, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡುವ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಒಂದೊಂದು ತ್ರಿಪದಿಯೂ ಮೂರು ಸಾಲಿಗೆ ಮುಗಿದುಬಿಡುತ್ತದೆ. ಹಿಂದಿನದಕ್ಕೂ ಮುಂದಿನದಕ್ಕೂ ಕಥೆಯ ಹಂಗಿಲ್ಲ. ತವರು ಒಂದರಲ್ಲಿ, ತೊಟ್ಟಿಲು ಒಂದರಲ್ಲಿ, ತೀರಿಕೊಂಡ ತಾಯಿ ಒಂದರಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವೆ ಬೀಸುಕಲ್ಲು ತಿರುಗುವ ಸದ್ದು ಇರುತ್ತಿತ್ತು. ಪುಸ್ತಕದಲ್ಲಿ ಆ ಸದ್ದಿನ ಜಾಗ ಖಾಲಿ. ಓದುವಾಗ ಆ ಖಾಲಿ ಜಾಗದಲ್ಲೇ ಒಬ್ಬಳ ಬದುಕು ಇಡಿಯಾಗಿ ಎದ್ದು ನಿಲ್ಲುತ್ತದೆ.

ವಚನಗಳೂ ಬಿಡಿಬಿಡಿಯಾಗಿಯೇ ಹುಟ್ಟಿದವು. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವುಗಳಲ್ಲಿ ಬೇಕಾದವನ್ನು ಆಯ್ದು, ಒಬ್ಬ ಶರಣರ ಮಾತಿಗೆ ಇನ್ನೊಬ್ಬರ ಮಾತು ಉತ್ತರವಾಗುವಂತೆ ಇಟ್ಟು ಶೂನ್ಯಸಂಪಾದನೆ ಮಾಡಿದರು. ಬೇರೆ ಬೇರೆ ಹೊತ್ತಿನ ಮಾತುಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಭೆಯನ್ನೇ ಕಟ್ಟುವ ಆ ಧೈರ್ಯ ಎಂಥದ್ದು! ಮುಂದೆ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕೂಡಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಅದೇ ವಚನಗಳನ್ನು ಅಚ್ಚಿಗೆ ತಂದರು.

ಇನ್ನು ನೀರಿನ ಮಾತು. ನಮ್ಮ ಜಿಲ್ಲೆಯ ಅಗಲಿಕೆಯ ಕಥೆಗಳಲ್ಲಿ ಅರ್ಧ ನೀರಿನದೇ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದರ ಕೆಳಗೆ ನಾರಾಯಣಪುರದ ಅಣೆಕಟ್ಟು 1980ರ ದಶಕದ ಆರಂಭಕ್ಕೇ ನೀರು ಹಿಡಿಯಿತು. ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಎಷ್ಟೋ ಊರು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿಕೊಂಡರು; ಹೊಳೆಯ ಆಚೆ ದಡದಲ್ಲಿ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ನೀಲಾಂಬಿಕೆಯ ಐಕ್ಯಸ್ಥಳ ಇದೆ. ದೊಡ್ಡವರ ನೆಲೆಗಳು ಹೀಗೆ ಉಳಿದವು. ಮಾಳಿಗೆ ಮನೆಗಳು, ಹಗೇವುಗಳು, ಅಗಸೆ ಬಾಗಿಲುಗಳು ನೀರಿಗೆ ಹೋದವು. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರುವಾಗ ಬಾಗಿಲ ಚೌಕಟ್ಟು ಕಿತ್ತುಕೊಂಡು ಹೋದರು, ಕಂಬ ತೊಲೆ ಹೇರಿದರು, ಗೋಡೆಯ ಪಟ ಇಳಿಸಿ ಸೀರೆಯಲ್ಲಿ ಸುತ್ತಿಕೊಂಡರು. ಮನೆಯನ್ನೇ ಒಂದು ಫೋಟೋ ತೆಗೆಸಿಟ್ಟುಕೊಂಡವರು ಬಹಳ ಕಡಿಮೆ. ಅದಕ್ಕೇ ಹಳೇ ಊರು ಕಾಣಬೇಕೆಂದರೆ ಈಗ ಜನ ಆ ಗುಂಪಿನ ಫೋಟೋಗಳನ್ನು ತೆಗೆದು ಮನುಷ್ಯರ ಹಿಂದೆ ನೋಡುತ್ತಾರೆ. ಮದುಮಗನ ಭುಜದ ಆಚೆ ಕಾಣುವ ಅರ್ಧ ಕಟ್ಟೆ, ಹಂದರದ ಕಂಬದ ಪಕ್ಕ ಒಂದು ತುಂಡು ಬೇವಿನ ಮರ, ಯಾರದೋ ತಲೆಯ ಮೇಲೆ ಹನುಮಪ್ಪನ ಗುಡಿಯ ಕಳಸ. ಸ್ಟುಡಿಯೋದಲ್ಲಿ ಮುಖ ತೆಗೆಯುವಾಗ ಬಿಳಿ ಬಳಿದು ಅಳಿಸಿದ್ದು ಇದನ್ನೇ.

ಇಂಡಿ, ಸಿಂದಗಿಯವರಿಗೆ ಭೀಮೆಯ ಕಾಟ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳ ಮನೆಯೊಳಗೆ ಬಂದಳು. ಹಳೆಯ ಫೋಟೋದಲ್ಲಿ ಬೆಳ್ಳಿಯ ಕಣಗಳನ್ನು ಕಾಗದಕ್ಕೆ ಹಿಡಿದಿಡುವುದು ಜೆಲಾಟಿನ್ನಿನ ಒಂದು ತೆಳು ಪದರ. ಅದು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕಟ್ಟಿನ ಗಾಜಿಗೆ ಕಚ್ಚಿಕೊಳ್ಳುತ್ತದೆ. ನೆರೆ ಇಳಿದ ಮೇಲೆ ಜನ ಗಾಜು ತೆಗೆಯಲು ಹೋಗುತ್ತಾರೆ, ಹಣೆ ಗಾಜಿನಲ್ಲಿ, ಗದ್ದ ಕಾಗದದಲ್ಲಿ ಉಳಿಯುತ್ತದೆ. ಓದುವವರಲ್ಲಿ ನದಿ ದಂಡೆಯವರು ಯಾರಾದರೂ ಇದ್ದರೆ ಒಂದು ಮಾತು: ಒಣಗಿ ಅಂಟಿದ ಫೋಟೋವನ್ನು ಕೀಳಬೇಡಿ. ಗಾಜಿನ ಸಮೇತ ಹಾಗೇ ಇಟ್ಟು, ಅದರ ಮೇಲಿಂದಲೇ ಇನ್ನೊಂದು ಫೋಟೋ ತೆಗೆಸಿರಿ. ಹಸಿ ಇರುವವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ, ಮುಖ ಮೇಲೆ ಮಾಡಿ ಹರವಿರಿ.

ಜಪಾನಿನಲ್ಲಿ 2011ರ ಸುನಾಮಿಯ ನಂತರ ಯಾಮಾಮೊಟೊ ಎಂಬ ಊರಿನಲ್ಲಿ ಕೆಸರಿನಿಂದ ಎತ್ತಿದ ಫೋಟೋಗಳು ಸುಮಾರು 7,50,000. ಸ್ವಯಂಸೇವಕರು ಒಂದೊಂದನ್ನೂ ತೊಳೆದು, ಒಣಗಿಸಿ, ನಂಬರು ಹಾಕಿ, ಮನೆಯವರು ಬಂದು ಹುಡುಕಿಕೊಳ್ಳಲು ಜೋಡಿಸಿಟ್ಟರು. ಯಾರ ಮುಖವೆಂದು ಗುರುತು ಹತ್ತದಷ್ಟು ಅಳಿದವು ಬಹಳ ಉಳಿದವು. ಅವನ್ನು ಎಸೆಯಲು ಮನಸ್ಸಾಗದೆ ಛಾಯಾಗ್ರಾಹಕ ಮುನೆಮಾಸಾ ತಾಕಾಹಾಶಿ ಪ್ರದರ್ಶನವಾಗಿ ದೇಶದೇಶಕ್ಕೆ ಒಯ್ದರು. ಗೋಡೆ ತುಂಬ ಬಣ್ಣ ಹರಿದ ಕಲೆಗಳು, ನಡುವೆ ಎಲ್ಲೋ ಒಂದು ಮಗುವಿನ ಕಾಲು, ಒಂದು ಟೊಪ್ಪಿಗೆ. ಅವುಗಳನ್ನು ಯಾರೂ ತಿದ್ದಲಿಲ್ಲ. ಹೋದದ್ದನ್ನು ಹೋದ ಹಾಗೆಯೇ ತೋರಿಸಿದರು.

ಇದು ನಮಗೆ ಹೊರಗಿನ ಶಿಸ್ತೇನಲ್ಲ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಬಾಳೆಲ್ಲ ಶಾಸನ, ಹಸ್ತಪ್ರತಿಗಳ ಜೊತೆ ಕಳೆದವರು. ಶಾಸನ ಓದುವವರು ಕಲ್ಲು ಒಡೆದು ಅಕ್ಷರ ಹೋದ ಕಡೆ ಚುಕ್ಕಿ ಇಡುತ್ತಾರೆ. ಊಹಿಸಿ ತುಂಬಿದರೆ ಅದನ್ನು ಕಂಸದಲ್ಲಿ ಹಾಕಿ, ಇದು ಕಲ್ಲಿನದಲ್ಲ, ನನ್ನದು ಎಂದು ತಿಳಿಸುತ್ತಾರೆ. ಸತ್ತವರ ಪಟದ ವಿಷಯದಲ್ಲಿ ನನ್ನ ಬೇಡಿಕೆಯೂ ಇಷ್ಟೇ. ಕೋಟು ಹಾಕಿಸಿರಿ, ಬೇಡವೆನ್ನುವುದಿಲ್ಲ. ಆ ಕೋಟಿನಲ್ಲೂ ಮಕ್ಕಳ ಪ್ರೀತಿ ಇದೆ. ಆದರೆ ಕೊಯ್ದ ಫೋಟೋವನ್ನು ಒಲೆಗೆ ಹಾಕಬೇಡಿ. ಈಗ ಮೊಬೈಲಿನಲ್ಲಿ ಅಜ್ಜನ ಪಟಕ್ಕೆ ರೆಪ್ಪೆ ಬಡಿಸುವ, ನಗಿಸುವ, ಮಾತಾಡಿಸುವ ಆ್ಯಪ್‌ಗಳು ಬಂದಿವೆ. ಹುಡುಗರು ತೋರಿಸುತ್ತಾರೆ, ಮನೆಯ ಹಿರಿಯರು ಸೆರಗು ಬಾಯಿಗೆ ಹಿಡಿದು ಅಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅಜ್ಜ ಹಾಗೆ ನಗುತ್ತಿರಲಿಲ್ಲ. ನಾಳೆ ಅಜ್ಜನ ನಿಜದ ನಗೆ ನೆನಪಿದ್ದವರು ಹೋದ ಮೇಲೆ ಆ ಯಂತ್ರದ ನಗೆಯೇ ಅಜ್ಜನದಾಗಿ ಉಳಿಯುತ್ತದೆ. ಕಣ್ಣು ಬರೆದ ಸ್ಟುಡಿಯೋದವರು ಮನೆಯವರನ್ನು ಕೇಳಿ ಬರೆಯುತ್ತಿದ್ದರು. ಇಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಆಲಮಟ್ಟಿಯ ಕೆಲಸ ಮುಗಿದಿಲ್ಲ. ಈಗ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ, ಅದನ್ನು 524.256 ಮೀಟರಿಗೆ ಏರಿಸಲು ನದಿ ನೀರಿನ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದ ದಿನ ಇನ್ನಷ್ಟು ಊರು ಏಳುತ್ತವೆ. ಆ ಊರುಗಳ ಹುಡುಗರ ಕೈಯಲ್ಲೆಲ್ಲ ಈಗ ಕ್ಯಾಮೆರಾ ಇದೆ. ಜಾತ್ರೆ, ರೀಲ್ಸು ಎಲ್ಲ ಇರಲಿ, ಬೆಳಕಿಂಡಿಯಿಂದ ಅಡುಗೆ ಮನೆಯ ನೆಲಕ್ಕೆ ಬೀಳುವ ಬಿಸಿಲು, ಅಜ್ಜಿ ಕೈಯೂರಿ ಏಳುವ ಕಂಬದ ನುಣುಪು ಜಾಗ, ಹಗೇವಿನ ಬಾಯಿಕಲ್ಲು, ದನ ಕಟ್ಟುವ ಗ್ವಾದಲಿ, ಇವನ್ನು ಚೂರುಚೂರಾಗಿಯೇ ತೆಗೆದಿಡಿ. ಇಡೀ ಊರು ಒಂದು ಫೋಟೋದಲ್ಲಿ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ತಾಲೂಕಿನ ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ ಬಿದ್ದಿರುವ ನೆಗೆಟಿವ್‌ಗಳನ್ನು ಗುಜರಿಗೆ ಹೋಗುವ ಮುಂಚೆ ಯಾವುದಾದರೂ ಕಾಲೇಜಿನವರು ಕೇಳಿ ತಂದುಕೊಳ್ಳಬೇಕು. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಒಂದು ಒಣ ಕೋಣೆ, ಕಬ್ಬಿಣದ ಕಪಾಟು, ಆಸಕ್ತಿಯ ಒಬ್ಬ ಮಾಸ್ತರರು ಸಾಕು.

ಮತ್ತು ಹೆಸರು. ಫೋಟೋದ ಹಿಂದೆ ಹೆಸರು ಬರೆಯಿರಿ, ಪೆನ್ಸಿಲ್ಲಿನಿಂದ, ಹಗುರ ಕೈಯಲ್ಲಿ. ಬಾಲ್‌ಪೆನ್ನು ಒತ್ತಿದರೆ ಮುಂದಿನ ಮುಖಕ್ಕೆ ಗೆರೆ ಮೂಡುತ್ತದೆ. ಬರೆಯಲು ಮನೆಯ ಎಲ್ಲರಿಗಿಂತ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ನಾನು ಆ ಕಿಂಡಿಯ ಫೋಟೋ ಹಿಡಿದು ಚಿಗವ್ವನ ಮುಂದೆ ಕೂತಾಗ ಅವಳು ಚಾಳೀಸು ಏರಿಸಿಕೊಂಡು ಹಿಂದಿನ ಸಾಲಿನಿಂದ ಸುರು ಮಾಡಿ, ಸಂಬಂಧ, ಊರು, ಯಾರು ಯಾರಿಗೆ ಹೊಲ ಮಾರಿದರು, ಎಲ್ಲ ಹೇಳುತ್ತ ಬಂದಳು. ಬಲ ತುದಿಯಲ್ಲಿ ಕೋಲು ಹಿಡಿದು ನಿಂತ ಒಬ್ಬರಲ್ಲಿಗೆ ಬಂದು ಬೆರಳು ನಿಂತಿತು.

“ಇವರು ಯಾರಬೇ?”

“ಇಂವ ನಮ್ಮಾಂವ ಅಲ್ಲ ತಮ್ಮಾ. ಬ್ಯಾಂಡಿನಾಂವ ಇರಬೇಕು ನೋಡು.”

ಒಳಗೆ ಜೋಳ ಹಸನು ಮಾಡುತ್ತಿದ್ದ ಅತ್ತಿ ಅಲ್ಲಿಂದಲೇ ಕೂಗಿದಳು: “ಬ್ಯಾಂಡಿನಾಂವ ಯಾಕಾಗ್ಯಾನ, ಕೋಲು ಐತಿಲ್ಲ ಕೈಯಾಗ? ಅಂವ ನಮ್ಮ ಓಣಿ ಕುರುಬರ ಮುತ್ತ್ಯಾ. ನನಗ ಪ್ಯಾಟಿಯಿಂದ ದಿನಾ ಚುರಮುರಿ ತರತಿದ್ದ. ಬರಕೋ, ಬರಕೋ ಅವನ ಹೆಸರು.”